ಹಿಂದಿನ ಸೀಟು

ನನ್ನ ಸ್ಕೂಟರಿನ ಹರಿದ ಸೀಟಿಗೆ ಹೊಲಿಗೆ ಹಾಕಿಸಲು ಅಂಗಡಿಯಲ್ಲಿ ಕಾಯುತ್ತಿದ್ದೆ. ಅರವತ್ತು ದಾಟಿದವರೊಬ್ಬರು ಹಳೆಯ ಮೋಟಾರ್ ಸೈಕಲ್ ತಂದು ನಿಲ್ಲಿಸಿದರು. ಟ್ಯಾಂಕಿಗೆ ಹೊಸ ಬಣ್ಣ ಬಂದಿತ್ತು, ಮುಂದೆ ಹೊಸ ಸೀಟೂ ಇತ್ತು. ಹಿಂದೆ ಮಾತ್ರ ಬರೀ ಮಡ್‌ಗಾರ್ಡ್.

“ಅಂತೂ ಓಡಿಸ್ಕೊಂಡೇ ಬಂದ್ರಲ್ಲ ಯಜಮಾನ್ರೇ! ಗುಜರಿಯಿಂದ ತಂದಾಗ ನಾನು ನಕ್ಕಿದ್ದೆ,” ಎಂದ ಸೀಟು ಹೊಲಿಯುವವನು.

“ನೀನೊಬ್ಬನೇ ಏನು, ಬೀದಿಯೆಲ್ಲ ನಕ್ಕಿತ್ತು.”

“ಹಿಂದಿನ ಸೀಟೂ ರೆಡಿ ಇದೆ. ಹಾಕ್ಬಿಡ್ಲಾ?”

“ಅದು ಬೇಡ.”

“ಯಾಕೆ? ಅಮ್ಮಾವ್ರೇ ಬಂದು ಕಂದು ಬಣ್ಣ ಆರಿಸಿದ್ರಲ್ಲ. ಕೆಂಪಾದ್ರೆ ಸರ್ಕಸ್ ಕುದುರೆ ಥರ ಕಾಣತ್ತೆ ಅಂತ ನನ್ನನ್ನೇ ಬೈದ್ರು.”

“ಅವಳು ಹೋಗಿ ನಾಲ್ಕು ತಿಂಗಳಾಯ್ತು.”

ಹೊಲಿಗೆ ಯಂತ್ರ ನಿಂತಿತು. ನಾನು ನೆಲ ನೋಡಿದೆ.

“ನಂಗೊತ್ತಿರ್ಲಿಲ್ಲ, ಯಜಮಾನ್ರೇ.”

“ಯಾರಿಗೂ ಹೇಳ್ಕೊಂಡು ತಿರುಗ್ಲಿಲ್ಲ. ಇದರ ನಟ್ಟು ಬೋಲ್ಟು ಬಿಚ್ಚೋದು, ಹಾಕೋದು, ಅಷ್ಟೇ ಮಾಡ್ತಿದ್ದೆ. ಈಗ ಅದೂ ಮುಗೀತು.”

ಸೀಟು ಹೊಲಿಯುವವನು ಎದ್ದು ಒಳಗಿನಿಂದ ಕಂದು ಸೀಟು ತಂದು ನಾಲ್ಕು ಬೋಲ್ಟು ಬಿಗಿಯತೊಡಗಿದ.

“ಬೇಡ ಅಂದೆನಲ್ಲಪ್ಪ.”

“ಆಮೇಲೆ ಬೇಕಾದ್ರೆ ಬಿಚ್ಕೊಡ್ತೀನಿ. ನಾನು ಹೊಲಿದ ಸೀಟಲ್ಲಿ ಒಂದು ಸುತ್ತು ಕೂತು ನೋಡದೆ ಬಿಟ್ಟವನಲ್ಲ. ಸ್ಪ್ರಿಂಗು ಹೇಗಿದೆ ಅಂತ ಗೊತ್ತಾಗ್ಬೇಕಲ್ಲ. ನಡೀರಿ.”

ಅಂಗಡಿ ನೋಡಿಕೊಳ್ಳಲು ನನಗೆ ಹೇಳಿ ಅವನು ಹಿಂದೆ ಹತ್ತಿದ. ಗಾಡಿ ಒಂದೇ ಒದೆತಕ್ಕೆ ಶುರುವಾಯಿತು. ಯಜಮಾನರು ಹೊರಡಲಿಲ್ಲ.

“ಕೂತ್ಯಾ?”

“ಕೂತೆ.”

“ಸರಿಯಾಗಿ ಕೂತ್ಯಾ?”

“ಕೂತಿದೀನಿ, ಯಜಮಾನ್ರೇ. ಹೋಗಿ.”

“ನಿಧಾನವಾಗೇ ಹೋಗ್ತೀನಿ,” ಎಂದರು. ಹಾಗೆಯೇ ಹೋದರು.