ಒಂದು ಮೊಳ, ನಾಕು ಬೆರಳು

…ಬ್ಯಾಡ್ರಿ, ಕದಾ ಹಾಕಬ್ಯಾಡ್ರಿ ಲಾಲಬಿ ಅಕ್ಕಾರ! ಇನ್ನೊಂದ ಸಲ ನೋಡತೇನಿ, ಅಷ್ಟ. ಮನಿ ಒಳಗ ನೋಡೂದೇನೂ ಇಲ್ಲ. ಒಂದು ಖೋಲಿ, ಒಂದು ಅಡಗಿಮನಿ, ಹಿಂದ ಬಚ್ಚಲಾ. ಎರಡ ಜೀವಕ್ಕ ಇನ್ನೇನ ಅರಮನಿ ಬೇಕ? ನನಗ ಬೇಕಾದ್ದು ಈ ಗ್ಯಾರೇಜು. ಇದನ್ನ ಮತ್ತೊಮ್ಮಿ ನೋಡಾಕ ಬಿಡ್ರಿ. ನೀವು ಕುಂದರ್ರಿ, ಹುಣಸಿಹಣ್ಣ ಬಿಡಸ್ರಿ. ನನ್ನ ಸಲುವಾಗಿ ನಿಮ್ಮ ಕೆಲಸ ನಿಲ್ಲೂದು ಬ್ಯಾಡ.

ಹಾಂ… ಟ್ರ್ಯಾಕ್ಟರ್ ನಿಂತ ಜಾಗಾ ಅಂದ್ರ ಹಿಂಗ ಇರಬೇಕ ನೋಡ್ರಿ! ಎಣ್ಣಿ ಕಲಿ ಇನ್ನೂ ಹಂಗ ಐತಿ. ನಿಮ್ಮ ಮನಿಯವರ ಹಾರಿ, ಸಲಿಕಿ… ಮೂಲ್ಯಾಗ ನಿಲ್ಲಿಸಿದ್ದು ನಿಲ್ಲಿಸಿದಂಗ ಅದಾವು. ಇರ್ಲಿ, ಇರ್ಲಿ, ಅವು ನನಗೇನ ಅಡ್ಡ ಬರೂದಿಲ್ಲ.

ಬಾಗಲಕೋಟಿ ನವನಗರದ ಶಿವಪ್ರಕಾಶ ಮಾಸ್ತರು ನಿಮಗ ಫೋನ್ ಮಾಡಿದ್ರಲ್ಲ? ದೇವರಂಥಾ ಮನಶ್ಯಾ. "ಪ್ರಭು, ಇಳಕಲ್ಲದಾಗ ಹುನಗುಂದ ರೋಡಿಗೆ, ಊರ ಹೊರಗ ಒಂದ ಮನಿ ಖಾಲಿ ಐತಿ. ಬಾಡಿಗಿ ಕಡಿಮಿ, ಗ್ಯಾರೇಜ ದೊಡ್ಡದು. ನನ್ನ ಹೆಸರ ಹೇಳು" ಅಂತ ಅವರ ಕಳಿಸಿದ್ರು. ಬಸ್ಸಿಗೆ ಬುತ್ತೀನೂ ಕಟ್ಟಿಸಿ ಕೊಟ್ರು.

ಬಸ್ಸ್ಯಾಕ, ಗಾಡಿ ಎಲ್ಲೈತಿ ಅಂತ ನೋಡತೀರೇನು? ಅದು… ಸರ್ವಿಸಿಂಗಿಗೆ ಬಿಟ್ಟೇನ್ರಿ. ಬರತೈತಿ, ಬರತೈತಿ.

ದಣದೇನ್ರಿ ಅಕ್ಕಾರ. ದಸರಾದಿಂದ ಇಲ್ಲೀತನಕ ಹದಿನೇಳ ಮನಿ ನೋಡಿದೆ. ಈಗಿನ ಲೇಔಟಿನ ಮನಿ ನೋಡೀರೇನು? "ಕಾರ್ ಪಾರ್ಕಿಂಗ್ ಐತಿ" ಅಂತಾರ. ಒಳಗ ಹ್ವಾದ್ರ ಒಂದ ಎಮ್ಮಿ ಹೊಳ್ಳಿ ನಿಂದ್ರಾಕ ಜಾಗಾ ಇಲ್ಲ! ಜಾಗಾ ಇದ್ದಲ್ಲೆ ಬಾಡಿಗಿ ಕೇಳಿದ್ರ, ಗಾಡೀನ ಮಾರಿ ಕೊಡಬೇಕು. ಆಮ್ಯಾಲ ಗ್ಯಾರೇಜ ಯಾಕ? ಎರಡೂ ಹೊಂದಿದ್ರ ನೆಲಾ ಕನ್ನಡಿ ಕನ್ನಡಿ ಟೈಲ್ಸು. ಮಾಲಕ ನಮ್ಮ ಮಾರಿ ನೋಡಂಗಿಲ್ಲ, ನಮ್ಮ ಚಪ್ಪಲಿ ನೋಡತಾನ. ನಿಮ್ಮ ಈ ಹಳೇ ಫರಸಿ ಕಲ್ಲ ಕಂಡ ಮ್ಯಾಲ ನನಗ ಉಸರ ಬಂತು.

ಅಲ್ರಿ, ಈ ಫರಸಿ ಕೆಳಗ ಏನೈತಿ? ಮಣ್ಣೋ, ಬಂಡಿಗಲ್ಲೋ? ಇಳಕಲ್ ನೆಲಾ ನಂಬೂ ಹಂಗಿಲ್ಲ, ಒಂದ ಗೇಣ ಅಗದ್ರ ಕೆಂಪ ಕಲ್ಲ ಹತ್ತತೈತಿ… ಕೇಳ್ರಿ, ಡಬ್ ಡಬ್ ಅಂತೈತಿ. ಮಣ್ಣ ಐತಿ, ಒಳ್ಳೇ ಮೆತ್ತಗಿನ ಮಣ್ಣ!

ಯಾಕ ನಗತೀರಿ? ಗಾಡಿ ಭಾರ ಇರತೈತಲ್ಲ, ಅದಕ್ಕ ಕೇಳಿದೆ. ಮತ್ತ… ಈ ಕಿಟಕಿಲಿಂದ ಮುಂಜಾನಿ ಬೆಳಕ ಬರತೈತೇನ್ರಿ? ಇಲ್ಲಿ ಹಿಂಗ ಕುಂತ್ರ ಎಡಗೈ ಕಡಿಂದ ಬರತೈತಿ, ಅಲ್ಲ?

ಮತ್ತ ನಕ್ರಿ. ಗಾಡಿಗೂ ಬೆಳಕ ಬೇಕ ಅಕ್ಕಾರ! ಕತ್ತಲದಾಗ ಅದಕ್ಕೂ…

ಹಂಗ್ಯಾಕ ನನ್ನ ಕೈ ನೋಡತೀರಿ?

ಹೌದು. ಮೊಳಾ ಹಾಕಾಕತ್ತಿದ್ದೆ. ನನಗ ಗೊತ್ತಾಗದ ಕೈ ತಾನ ನೆಲಕ್ಕ ಹೋತು. ಗಾಡಿಗೆ ಯಾರೂ ಮೊಳಾ ಹಾಕಂಗಿಲ್ಲ, ಖರೆ.

ಆತು ಬಿಡ್ರಿ. ಗಾಡಿ ಇಲ್ಲ. ಗಾಡಿ ಹೊಡಿಯಾಂವಾ ಅದೇನಿ, ಆದ್ರ ಯಾವತ್ತೂ ಮಂದೀ ಗಾಡಿ. ನಂದ ಅನ್ನೂದು ಒಂದ ಮಗ್ಗ. ನಮ್ಮವ್ವ ಬಾಳವ್ವ ನೇಯ್ದ ಕುಣಿ ಮಗ್ಗ, ಈಗ ನನ್ನ ಹೇಣತಿ ಮಹಾನಂದಾನ್ದು. ಸುಳ್ಳ ಯಾಕ ಹೇಳಿದೆ ಅಂದ್ರ… ಗಾಡಿ ಅಂದ್ರ ಚಾ ಕೊಡತಾರ ಅಕ್ಕಾರ, ಮಗ್ಗ ಅಂದ್ರ ಕದಾ ಹಾಕತಾರ. "ನೆಲಾ ಅಗೀತೀರಿ, ದಿನಾ ಲಟಪಟ ಸಪ್ಪಳಾ, ಮುಂದ ನಡೀರಿ!" ಇಳಕಲ್ ಸೀರಿ ಎಲ್ಲಾರಿಗೂ ಬೇಕು, ಮಗ್ಗ ಮಾತ್ರ ಬಾಜೂ ಮನ್ಯಾಗ ಇರಬೇಕು.

ಅಗಿಯೂದ ಎಷ್ಟಂತೀರಿ, ಕುಂತಾಕಿ ಕಾಲ ಇಳಿಬಿಡೂವಷ್ಟ. ಕಾಲಾಗಿನ ಮಣಿ ಹಲಗಿ ತುಳದ್ಲಂದ್ರ ಮ್ಯಾಲ ಎಳಿ ಬಾಯಿ ತಗೀತಾವು. ಕುಣಿ ಅಳತಿ ಅಂಗಡ್ಯಾಗ ಸಿಗಂಗಿಲ್ರಿ, ಅದು ನೇಯೂವರ ಕಾಲಿನ ಅಳತಿ. ಮಹಾನಂದಾನ್ದು ಒಂದು ಮೊಳ, ನಾಕು ಬೆರಳು. ಎರಡ ಬೆರಳ ಕಡಿಮ್ಯಾದ್ರ ಮಣಕಾಲ ಹಿಡೀತಾವು, ಎರಡ ಹೆಚ್ಚಾದ್ರ ಸೊಂಟ. ಆಕಿ ಸೆರಗ ಕೂಡಿಸೂದ ನೀವು ನೋಡಬೇಕು! ಒಂದೊಂದ ಎಳಿಗೂ ಕೊಂಡಿ ಹಾಕಿ… ಕೆಂಪ ಸೆರಗು ಎಲ್ಲಿ ಸುರುವಾತು ಅಂತ ಬೆರಳ ಆಡಿಸಿದ್ರೂ ಗೊತ್ತಾಗೂದಿಲ್ಲ.

ಎಲ್ಲಿ ಅದಾಳಂತೀರಾ? ಬೇವೂರಾಗ, ತವರಮನ್ಯಾಗ. ಪಂಚಮಿಗೆ ಅಂತ ಹೋಗ್ಯಾಳ. ಬರತಾಳ. ಜಾಗಾ ಆದ ಕೂಡಲೇ ಬರತಾಳ.

ನಾವೇನ ಮನಿ ಬಿಟ್ಟ ಮನಿ ಹಾರೂ ಮಂದಿ ಅಲ್ರಿ, ಮಾಲಕರ ಬಿಡಿಸಿದ್ರು. ಬಾದಾಮ್ಯಾಗ ಇದ್ವಿ, ಮಂಗ್ಯಾಗೋಳು ಬಂದು ನೂಲ ಸುತ್ತಿದ ಕಂಡಿಕಿ ಕಸಗೊಂಡ ಹೋಗ್ತಿದ್ವು, ಮಾಲಕಗ ಅದರದೂ ಸಿಟ್ಟು ನಮ್ಮ ಮ್ಯಾಲ. ಬಿಡಿಸಿದಾ. ಹುನಗುಂದದಾಗ ಗ್ವಾಡಿ ಬಿರಕ ಬಿಡತೈತಿ ಅಂದ್ರು. ಬಿಡಿಸಿದ್ರು. ನವನಗರದಾಗಂತೂ ಕೇಳಬ್ಯಾಡ್ರಿ! ಮಾಲಕ ಬಂದು ಬಾಗಲಾಗ ನಿಂತು, "ನನ್ನ ನೆಲಾ ಹಾಳ ಮಾಡೀರಿ, ನಾಳೀನ ಖಾಲಿ ಮಾಡ್ರಿ" ಅಂತ…

ಯಾಕ್ರಿ? ಕೈ ಯಾಕ ನಿಂತ್ವು?

ಹುಣಸಿಹಣ್ಣ ಬಿಡಸ್ರಿ ಅಕ್ಕಾರ. ಬೀಜಾ ಕೈಯಾಗ ಹಿಡಕೊಂಡ ಹಂಗ್ಯಾಕ…

ನವನಗರದ ಮಾಲಕ ಅಂದ್ರ… ಹಾಂ. ಅವರ. ಶಿವಪ್ರಕಾಶ ಮಾಸ್ತರ. ಬಿಡಿಸಿದಾವರೂ ಅವರ… ಇಲ್ಲಿಗೆ ಬುತ್ತಿ ಕಟ್ಟಿ ಕಳಿಸಿದಾವರೂ ಅವರ. ಹಂಗೂ ಇರತಾರ ಮಂದಿ. ಇರತಾರಲ್ಲ? ಸಿಟ್ಟ ಇಳದ ಮ್ಯಾಲ…

ಏನರ ಅನ್ರಿ! ಬೈರಿ ಬೇಕಾರ. ಹದಿನೇಳ ಮನ್ಯಾಗ ಎಲ್ಲಾರೂ ಬೈದಾರ, ನನಗ ರೂಢಿ ಐತಿ. ಹಿಂಗ ಸುಮ್ಮ ಕುಂತಾವರ ಎದರಿಗೆ ನಿಂತ ರೂಢಿ ಇಲ್ಲ.

…ಪಂಚಮಿ ಆಗಿ ಏಳ ತಿಂಗಳಾತು. ಹೌದು. ನಿಮ್ಮ ಮಡಲಾಗ ಹೊಸಾ ಹುಣಸಿಹಣ್ಣ ಐತಿ, ನಾ ಪಂಚಮಿ ಸುದ್ದಿ ಹೇಳಾಕತ್ತೇನಿ.

ಯಾರೂ ಬಿಡಿಸಿಲ್ರಿ. ಬಾದಾಮಿ ಮಾಲಕ "ಇರೋ ಮಾರಾಯಾ" ಅಂದಾ. ಹುನಗುಂದದಾಗ ಬಿರಕ ಬಿಟ್ಟಿದ್ದು ಗ್ವಾಡಿ ಅಲ್ಲ, ನನ್ನ ತಲಿ. ನನ್ನ ಕಾಲು ಒಂದ ಕಡೆ ಊರೂದಿಲ್ಲ ಅಕ್ಕಾರ. ಆರನೇತ್ತಾ ಸಾಲಿ ಬಿಟ್ಟ ಮೊದಲನೇ ಲಾರಿ ಹತ್ತಿದಾಗಿಂದ ಹಿಂಗ. ಬಾದಾಮ್ಯಾಗ ಯಾತ್ರಿಕರ ಗಾಡಿ, ಬ್ಯಾಸರಾತು. ರಾಮಥಾಳದಾಗ ನೀರಾವರಿ ಪೈಪಿನ ಲಾರಿ ಐತಂತ, ನಡಿ ಹುನಗುಂದಕ್ಕ. ಅದೂ ಬ್ಯಾಸರಾತು. ನಡಿ ಬಾಗಲಕೋಟಿಗೆ. ಪ್ರತಿ ಸಲ ಮಗ್ಗದ ಮ್ಯಾಲ ಅರ್ಧಾ ಸೀರಿ ಇರತಿತ್ತು. ಆಕಿ "ಇದೊಂದ ಇಳೀಲಿ" ಅಂತಿದ್ಲು. ನಾ ಕತ್ತರಿ ಕೊಡತಿದ್ದೆ.

ಕುಣಿ ತಗದಾಂವಾ ನಾನ, ಮುಚ್ಚಿದಾಂವಾನೂ ನಾನ.

ನವನಗರದಾಗ ಆಕಿ ಏಳಲಿಲ್ರಿ. ಕುಣಿಯಾಗ ಕಾಲ ಇಳಿಬಿಟ್ಟ ಕುಂತ್ಲು. ಒಂದ ಮಾತಿಲ್ಲ… ಹಿಂಗ, ನಿಮ್ಮಂಗ. ನನಗ ಮುಂಡರಗಿ ಕಡೆ ಹೊಸಾ ಗಾಡಿ ಸಿಕ್ಕಿತ್ತು, ಲಗೂ ಹೋಗಬೇಕಾಗಿತ್ತು. ಸಲಿಕಿ ತಗೊಂಡೆ. ಹೆದರಿ ಎದ್ದಾಳು ಅಂತ ಒಂದ ಸಲಿಕಿ ಮಣ್ಣ ಹಾಕಿದೆ. ಏಳಲಿಲ್ಲ. ಎರಡ ಹಾಕಿದೆ. ಪಾದ ಮುಚ್ಚಿದ್ವು. ಮೂರ…

ಆಮ್ಯಾಲ ಎದ್ಲು. ಮಣ್ಣಾಗಿಂದ ಕಾಲ ಎಳಕೊಂಡು, ಚೀಲಾ ತಗೊಂಡು, ಬೇವೂರ ಬಸ್ಸ ಹತ್ತಿದ್ಲು. ಕಾಲಾಗ ಮಣ್ಣ ಹಂಗ ಇತ್ತು. ಮಾಸ್ತರು ಬಾಗಲಾಗ ನಿಂತು ನೋಡಿದ್ರು.

ಮುಂಡರಗಿಗೆ ನಾ ಹೋಗಲೇ ಇಲ್ಲ.

ಏಳತೀರೇನು? ಏಳ್ರಿ, ಕದಾ ಹಾಕ್ರಿ. ಇದು ಹದಿನೆಂಟನೇದ್ದು, ನಡೀತೈತಿ. ಮಾಸ್ತರಿಗೆ ಹೇಳತೇನಿ, ಲಾಲಬಿ ಅಕ್ಕಾರದೇನ ತಪ್ಪಿಲ್ಲ ಅಂತ…

ಇದ್ಯಾಕ? ಹಾರಿ? ನನ್ನ ಕೈಯಾಗ್ಯಾಕ ಕೊಡತೀರಿ?

ಅಕ್ಕಾರ… ಆ ಸಲಿಕಿ? ಅದನ್ಯಾಕ ಒಳಗ ಒಯ್ದ್ರಿ? ಅಗದ ಮಣ್ಣ ಎತ್ತಾಕ ಸಲಿಕಿ ಬೇಕಲ್ರಿ, ಬರೇ ಹಾರಿಲೆ ಹ್ಯಾಂಗ… ಕೀಲಿ? ಸಲಿಕಿ ಒಳಗ ಇಟ್ಟು ಕೀಲಿ ಹಾಕಿದ್ರ್ಯಾ?

…

ಹಾಕ್ರಿ. ಕೀಲೀಕೈ ನಿಮ್ಮ ಕಡೇನ ಇರ್ಲಿ, ನಾ ಮುಂದ ಕುಣಿ ಮುಚ್ಚಾಕ ಬೇಡಿದ್ರೂ ಕೊಡಬ್ಯಾಡ್ರಿ.

ಸ್ವಲ್ಪ ಸರೀರಿ, ಈ ಫರಸಿ ಎಬ್ಬಸತೇನಿ. ಒಂದು ಮೊಳ, ನಾಕು ಬೆರಳು. ಮಣ್ಣ ಕೈಲೆ ತಗೀತೇನಿ.