ತವರಿಗೆ ಓಡುವ ಸೊಸೆ

ಸಿಂದಗಿ ಬಸ್ ನಿಲ್ದಾಣ, ಮುಂಜಾನೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ. ಮೊಮ್ಮಗಳು ಅತ್ತೆಯ ತೊಡೆಯ ಮೇಲಿದ್ದಳು. ಸೊಸೆ ಬೂಟಿನ ಲೇಸು ಬಿಗಿಯುತ್ತಿದ್ದಳು. ನಾನು ಪೇಪರ್ ಓದುವವನಂತೆ ಕೂತಿದ್ದೆ.

"ಇವತ್ತರ ನಮ್ಮ ಜೋಡಿ ಬಸ್ಸಿಗೆ ಬಾ, ದಾನೇಶ್ವರಿ," ಎಂದಳು ಅತ್ತೆ.

"ರವಿವಾರ ಒಂದ ದಿನಾ ರಜಾ ಸಿಗತೈತ್ರಿ ಅತ್ತಿ. ಮುಂದಿನ ತಿಂಗಳ ಐವತ್ತು ಕಿಲೋಮೀಟರ್ ಓಟ ಐತಿ. ಹೆಂಗೂ ಆಲಮೇಲಕ್ಕ ಅವ್ವನ ಮನಿಗೆ ಹೋಗೂದೈತಿ, ಓಡಿಕೋತ ಬರ್ತೇನಿ."

"ಹೋದ ಸಲ ಏನಾತು? ಜಗಳಾಡಿ ತವರಿಗೆ ಓಡಿ ಹೊಂಟಾಳಂತ ತಿಳಕೊಂಡ, ಯಾರೋ ಹಿರ್ಯಾರು ಗಾಡಿ ನಿಲ್ಲಿಸಿ, ನಿನಗ ಬುದ್ಧಿ ಹೇಳಿ, ನಮ್ಮ ಬಾಗಲಿಗೆ ತಂದ ಬಿಟ್ರು."

"ನೀವ ಅವರಿಗೆ ಚಾ ಕುಡಿಸಿ ಕಳಿಸಿದ್ರಿ."

"ಮತ್ತೇನ ಮಾಡ್ಲಿ? ಅತ್ತಿ ಕಾಟಕ್ಕ ಓಡಿದ್ಲು ಅಂತ ಓಣ್ಯಾಗ ಇನ್ನೂ ಮಾತಾಡ್ತಾರ."

"ಹಂಗಾದ್ರ ಓಡೂದ ಬಿಟ್ಟಬಿಡ್ಲೇನ್ರಿ?"

ಆಲಮೇಲದ ಬಸ್ಸು ಬಂತು. ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಹತ್ತಿದಳು, ನುಗ್ಗಿ ಕಿಟಕಿಯ ಸೀಟು ಹಿಡಿದಳು. ಸೊಸೆ ಅಲ್ಲೇ ನಿಂತಿದ್ದಳು. ಬಸ್ಸು ಹೊರಡುವಾಗ ಅತ್ತೆ ತಲೆ ಹೊರಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು:

"ಹಿಂದ ಓಡಿ ಬರಾಕಿ ನನ್ನ ಸೊಸಿ, ಜಗಳಾಡಿಲ್ಲಂತ ಸ್ಟಾಪ್ ಸ್ಟಾಪಿಗೆ ಹೇಳಿಕೋತ ಹೋಗ್ತೇನಿ. ಯಾರೂ ತಡಿಯಂಗಿಲ್ಲ. ನೀ ಓಡ ಯವ್ವಾ!"