ಕೈ ಎತ್ತಿದಾಗ

ಕಿವಿ ವೈದ್ಯರ ಕೋಣೆಯ ಹೊರಗೆ, ನನ್ನ ಎದುರಿನ ಬೆಂಚಿನಲ್ಲಿ ಒಬ್ಬ ನಟಿ ಮತ್ತು ಅವಳ ನಾಟಕಕ್ಕೆ ಡ್ರಮ್ ಬಾರಿಸುವವನು ಕುಳಿತಿದ್ದರು. ಕದ್ದು ಕೇಳುವ ಉದ್ದೇಶ ನನಗಿರಲಿಲ್ಲ. ಆದರೆ ಅವಳು ಜೋರಾಗಿಯೇ ಮಾತಾಡಬೇಕಿತ್ತು.

“ನಾನು ಬಾಗಿಲು ತಟ್ಟಿದ ಕೂಡಲೇ ನೀನು ಬಾರಿಸಬೇಕಿತ್ತು. ನಿನ್ನೆ ಸುಮ್ನೆ ಕೂತಿದ್ದೆ.”

“ಕೇಳಿಸ್ಲಿಲ್ಲ ಅಕ್ಕ.”

“ನಿರ್ದೇಶಕರು ಆ ಮೌನ ಚೆನ್ನಾಗಿತ್ತು, ದಿನಾ ಇರಲಿ ಅಂತಿದಾರೆ.”

“ಅದಕ್ಕೇ ನಾನು ಬಾಯಿ ಬಿಡ್ಲಿಲ್ಲ. ನಮಗೇನು ಖಾಯಂ ಕೆಲಸಾನಾ? ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಮುಂದಿನ ನಾಟಕಕ್ಕೆ ಯಾರು ಕರೀತಾರೆ?”

“ಶನಿವಾರದ ಸಂಗೀತ ಕಛೇರಿಯಲ್ಲಿ ಹಾಡೋರ ಜೊತೆ ಏನ್ಮಾಡ್ತೀಯೋ?”

“ಅಲ್ಲೂ ಹೊಸ ಪ್ರಯೋಗ ಅಂತೀನಿ.”

ಇಬ್ಬರೂ ನಕ್ಕರು. ಅವಳು ಮೊದಲು ನಗು ನಿಲ್ಲಿಸಿದಳು.

“ರಿಪೋರ್ಟ್ ಏನೇ ಬರಲಿ, ನಿರ್ದೇಶಕರಿಗೆ ನೀನೇ ಹೇಳ್ಬೇಕು. ನಾನು ಬಾಗಿಲು ತಟ್ಟೋ ಬದಲು ಕೈ ಎತ್ತುತ್ತೀನಿ. ನೋಡ್ಕೊಂಡು ಬಾರಿಸು.”

“ನಾಟಕ ಕೆಡಲ್ವಾ?”

“ಪ್ರಯೋಗ ಅಂತ ನೀನೇ ಹೇಳು.”

ಅವನು ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದ. ನರ್ಸ್ ಅವನ ನಂಬರನ್ನು ಎರಡು ಸಲ ಕರೆದಳು. ಅವನು ಮಡಚುತ್ತಲೇ ಇದ್ದ.

ನಟಿ ಅವನ ಕಣ್ಣೆದುರು ಕೈ ಎತ್ತಿದಳು.

“ಆಯ್ತು, ಹೇಳ್ತೀನಿ,” ಎಂದು ಅವನು ಎದ್ದ. ಇಬ್ಬರೂ ಒಳಗೆ ಹೋದರು.